ಬೆಂಗಳೂರಿನ ಹೆಸರು ಮೊದಲು ಸಿಗೋದು ಒಂದು ಸಾವಿನ ಸುದ್ದಿಯಲ್ಲಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಯಾರನ್ನಾದ್ರೂ ಕೇಳಿ. ಹತ್ತರಲ್ಲಿ ಒಂಬತ್ತು ಜನ ಬೆಂದ ಕಾಳಿನ ಕಥೆ ಹೇಳ್ತಾರೆ. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಹಸಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದೇ ಬೆಂದಕಾಳೂರು ಆಯ್ತು. ಚೆಂದದ ಕಥೆ. ಒಂದೇ ತೊಂದರೆ ಏನಂದ್ರೆ ಇಮ್ಮಡಿ ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಯಲ್ಲಿ. ಅದಕ್ಕೂ ಸುಮಾರು 300 ವರ್ಷ ಮೊದಲೇ ಬೆಂಗಳೂರು ಅನ್ನೋ ಹೆಸರು ಒಂದು ಕಲ್ಲಿನ ಮೇಲೆ ಇದೆ. ಕೆಂಪೇಗೌಡರು ಕೋಟೆ, ಪೇಟೆ ಕಟ್ಟಿದ್ದು 1537ರಲ್ಲಿ. ಈ ಕಲ್ಲು ಅದಕ್ಕಿಂತ 600 ವರ್ಷಕ್ಕೂ ಹಳೆಯದು.

ಆ ಕಲ್ಲನ್ನ ಹಾಕಿಸಿದವರು ಬೆಂಗಳೂರನ್ನ ಹೊಗಳೋಕೆ ಹೊರಟವರಲ್ಲ. ಅವರ ಊರು ಬೇರೆ. ಅವರ ಊರಿನವರು ಬೆಂಗಳೂರಲ್ಲಿ ನಡೆದ ಕಾಳಗದಲ್ಲಿ ಸತ್ತರು, ಅದನ್ನ ಕಲ್ಲಿನಲ್ಲಿ ಬರೆಸಿದರು. ಅಂದ್ರೆ ಇವತ್ತು ಕೋಟಿಗೂ ಹೆಚ್ಚು ಜನ ಇರೋ ಈ ಊರಿನ ಹೆಸರಿಗೆ ನಮ್ಮ ಕೈಯಲ್ಲಿರೋ ಅತಿ ಹಳೆಯ ದಾಖಲೆ, ಪಕ್ಕದ ಒಂದು ಚಿಕ್ಕ ಊರಿನವರು ತಮ್ಮ ಸತ್ತವರ ಬಗ್ಗೆ ಬರೆಸಿಟ್ಟ ಸುದ್ದಿ. ಇವತ್ತಿನ ಸಂಚಿಕೆ ಆ ಚಿಕ್ಕ ಊರಿನ ಬಗ್ಗೆ, ಅಲ್ಲಿ ಸತ್ತವರ ಬಗ್ಗೆ, ಅವರ ಮನೆಯ ಬಗ್ಗೆ.

ಬೇಗೂರು, ಅಂದ್ರೆ ಆಗಿನ ಬೆಂಪೂರು

ಆ ಊರು ಬೇಗೂರು. ಈಗ ಅದು ಬೆಂಗಳೂರಿನ ಒಳಗೇ ಇದೆ. ಹೊಸೂರು ರಸ್ತೆಯಿಂದ ಬೊಮ್ಮನಹಳ್ಳಿ ಹತ್ತಿರ ತಿರುಗಿದ್ರೆ ಬೇಗೂರು ರಸ್ತೆ. ಎರಡೂ ಕಡೆ ಅಪಾರ್ಟ್‌ಮೆಂಟು, ಪಿಜಿ, ದರ್ಶಿನಿ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗೋರು ಎಷ್ಟೋ ಜನ ಅಲ್ಲೇ ಬಾಡಿಗೆಗೆ ಇದ್ದಾರೆ. ಒಳಗೆ ಹೋದ್ರೆ ಹಳೇ ಊರು, ಕೆರೆ, ಮತ್ತೆ ಪಂಚಲಿಂಗ ನಾಗೇಶ್ವರ ದೇವಸ್ಥಾನ. ಐದು ಲಿಂಗಗಳಲ್ಲಿ ಎರಡರ ಗುಡಿ ಗಂಗರ ಕಾಲದ್ದು, ಉಳಿದವು ಆಮೇಲೆ ಚೋಳರ ಕಾಲದಲ್ಲಿ ಸೇರಿದವು.

ಈಗ 9ನೇ ಶತಮಾನದ ಕೊನೆಗೆ ಹೋಗೋಣ. ಈ ಭಾಗ ಆಳ್ತಿದ್ದವರು ತಲಕಾಡಿನ ಗಂಗರು. ಅವರ ರಾಜ್ಯಕ್ಕೆ ಗಂಗವಾಡಿ 96,000 ಅಂತ ಹೆಸರು. ಆಗಿನ ಶಾಸನಗಳಲ್ಲಿ ನಾಡಿನ ಹೆಸರಿನ ಪಕ್ಕ ಹೀಗೆ ಒಂದು ಸಂಖ್ಯೆ ಇರುತ್ತೆ. ದೊಡ್ಡ ನಾಡಿಗೆ ದೊಡ್ಡ ಸಂಖ್ಯೆ, ಚಿಕ್ಕದಕ್ಕೆ ಚಿಕ್ಕದು. ನಮ್ಮ ಬೇಗೂರಿನ ಸಂಖ್ಯೆ ಕೇಳಿ: ಬೆಂಪೂರು 12. ಬೆಂಪೂರು ಮತ್ತು ಸುತ್ತಲಿನ ಹಳ್ಳಿಗಳು ಸೇರಿ ಒಟ್ಟು ಒಂದು ಡಜನ್ ಊರು, ಅಷ್ಟೇ. ಒಂದು ಶಾಸನದಲ್ಲಿ ಆ ಊರುಗಳ ಪಟ್ಟಿಯೂ ಇದೆ. ಅದರಲ್ಲಿ ಒಂದು ಕೂಡಲೆ. ಇವತ್ತಿನ ಕೂಡ್ಲು ಗೇಟ್ ಸ್ಟಾಪ್‌ನಲ್ಲಿ ಬಸ್ಸಿಗೆ ಕಾಯೋರಿಗೆ ಆ ಹೆಸರು ಕೇಳಿದಂಗೆ ಅನ್ನಿಸಬಹುದು.

ಈ ಹನ್ನೆರಡು ಊರಿನ ಮೇಲೆ ಅಧಿಕಾರ ಇದ್ದದ್ದು ನಾಗತ್ತರ ಅನ್ನೋ ಮನೆತನಕ್ಕೆ. ನಾಗತ್ತರ ಅನ್ನೋದು ಒಬ್ಬನ ಹೆಸರೂ ಹೌದು, ರಾಜ ಪಟ್ಟ ಕಟ್ಟಿ ಕೊಡ್ತಿದ್ದ ಪದವಿಯೂ ಹೌದು. ಹಾಗಾಗಿ ಬೇಗೂರಿನ ಕಲ್ಲುಗಳಲ್ಲಿ ನಾಗತ್ತರ ಅಂತ ಬಂದಾಗ ಒಬ್ಬ ವ್ಯಕ್ತಿಗಿಂತ ಒಂದು ಮನೆ ಅಂತ ಅಂದ್ಕೊಂಡು ಕೇಳಿ.

ಮೊದಲ ಕಲ್ಲು: ಬೆಂಗಳೂರ ಕಾಳಗ

ದೇವಸ್ಥಾನದ ಆವರಣದಲ್ಲಿರೋ ಈ ಕಲ್ಲಿನಲ್ಲಿ ಇಸವಿ ಇಲ್ಲ. ಅಕ್ಷರದ ರೂಪ ನೋಡಿ ವಿದ್ವಾಂಸರು ಸುಮಾರು ಕ್ರಿ.ಶ. 890 ಅಂತ ಹೇಳ್ತಾರೆ. ಬರಹ ಕೆಲವೇ ಸಾಲು. ಹೇಳೋ ವಿಷಯ ಇಷ್ಟು: ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತರು. ಪೆರ್ವೊಣಸೆಟ್ಟಿ, ಬುಟ್ಟಣಸೆಟ್ಟಿ ಅನ್ನೋ ಎರಡು ಹೆಸರು ಅಲ್ಲಿವೆ. ಒಬ್ಬ ನಾಗತ್ತರನ ಮಗ, ಇನ್ನೊಬ್ಬ ಆ ಮನೆಯ ಊಳಿಗದವನು.

ಕಾಳಗ ಯಾರ ಯಾರ ಮಧ್ಯೆ, ಯಾರು ಗೆದ್ದರು, ಯಾತಕ್ಕೆ ನಡೆಯಿತು, ಇದ್ಯಾವುದೂ ಆ ಕಲ್ಲಿನಲ್ಲಿ ಇಲ್ಲ. ಅದನ್ನ ಬರೆಸಿದವರಿಗೆ ಬೇಕಾದ ವಿಷಯ ಮೂರು. ಸತ್ತವನು ಯಾರು, ಅವನು ಯಾರ ಮನೆಯವನು, ಎಲ್ಲಿ ಸತ್ತ. ಆ "ಎಲ್ಲಿ" ಅನ್ನೋದಕ್ಕೆ ಉತ್ತರವಾಗಿ ಬೆಂಗಳೂರು ನಮ್ಮ ಇತಿಹಾಸದೊಳಗೆ ಕಾಲಿಟ್ಟಿತು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮಗ ಮತ್ತು ಮನೆಯಾಳು, ಇಬ್ಬರಿಗೂ ಒಂದೇ ಕಲ್ಲು. ಬದುಕಿದ್ದಾಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರೋ ಏನೋ, ಸಾವಿನಲ್ಲಂತೂ ಅಕ್ಕಪಕ್ಕ. ಮತ್ತೆ ಇಬ್ಬರ ಹೆಸರೂ ಸೆಟ್ಟಿ ಅಂತ ಮುಗಿಯುತ್ತೆ. ಸೆಟ್ಟಿ ಅಂದ ಕೂಡಲೇ ನಮಗೆ ಅಂಗಡಿ, ತಕ್ಕಡಿ ನೆನಪಾಗುತ್ತೆ. ಇಲ್ಲಿ ಸೆಟ್ಟಿ ಅನ್ನೋ ಹೆಸರಿನವರು ಕತ್ತಿ ಹಿಡಿದು ಸತ್ತಿದ್ದಾರೆ.

ಎರಡನೇ ಕಲ್ಲು: ಆನೆಗೆ ಎದುರಾದವನು

ಬೇಗೂರಿನ ಇನ್ನೊಂದು ವೀರಗಲ್ಲು ದೊಡ್ಡದು, ಬಹಳ ಹೆಸರಾದದ್ದು. ಅದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಕಲ್ಲು ತುಂಬಾ ಯುದ್ಧ. ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ.

ಈ ಸಲ ಸತ್ತವನು ನಾಗತ್ತರನೇ. ಗಂಗ ರಾಜ ಎರೆಯಪ್ಪ ಅವನನ್ನ ಅಯ್ಯಪದೇವನ ಸಹಾಯಕ್ಕೆ ಸೈನ್ಯದ ಜೊತೆ ಕಳಿಸ್ತಾನೆ. ಎದುರಾಳಿ ವೀರಮಹೇಂದ್ರ. ತುಂಬೆಪಾಡಿ ಅನ್ನೋ ಜಾಗದಲ್ಲಿ ಯುದ್ಧ. ತಮ್ಮ ಕಡೆಯವರು ಸೋಲುವ ಹೊತ್ತಿಗೆ ನಾಗತ್ತರ ಆನೆಗೆ ಎದುರಾಗಿ ನಿಂತು ಸಾಯ್ತಾನೆ. ಸುದ್ದಿ ರಾಜನಿಗೆ ಮುಟ್ಟುತ್ತೆ. ರಾಜ ಮೆಚ್ಚಿ, ಇರುಗ ಅನ್ನೋವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು 12ನ್ನ ಕಲ್ನಾಡಾಗಿ ಕೊಡ್ತಾನೆ. ಆ ಊರುಗಳ ಪಟ್ಟಿ ಇರೋದು ಇದೇ ಕಲ್ಲಿನಲ್ಲಿ.

ನಾನು ಓದಿದ್ದು ಬಿಕಾಂ. ಕಲ್ನಾಡು ಅನ್ನೋ ಪದ ಕಂಡ ತಕ್ಷಣ ನನ್ನೊಳಗಿನ ಲೆಕ್ಕದವನು ಎದ್ದು ಕೂತ. ಕಲ್ನಾಡು ಅಂದ್ರೆ ವೀರನ ಕಲ್ಲಿನ ಜೊತೆ ಕೊಡೋ ಭೂಮಿ. ಕರ್ನಾಟಕದ ಶಾಸನಗಳಲ್ಲಿ ಇಂಥದ್ದಕ್ಕೆ ಇನ್ನೂ ಹೆಸರುಗಳಿವೆ. ನೆತ್ತರುಗೊಡಗಿ ಅಂತ ಒಂದಿದೆ, ಅಂದ್ರೆ ರಕ್ತ ಸುರಿಸಿದ್ದಕ್ಕೆ ಕೊಟ್ಟ ಕೊಡಗಿ ಭೂಮಿ. ಮನೆಯ ಗಂಡಸು ಊರಿಗಾಗಿ ಸತ್ತ, ಹಿಂದೆ ಉಳಿದವರು ಏನು ತಿನ್ನಬೇಕು? ಅದಕ್ಕೆ ಗದ್ದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫ್ಯಾಮಿಲಿ ಪೆನ್ಶನ್.

ಹೀಗೆ ನೋಡಿದಾಗ ವೀರಗಲ್ಲು ಎರಡು ಕೆಲಸ ಮಾಡುತ್ತೆ. ಒಂದು ನೆನಪು, ಇನ್ನೊಂದು ಪತ್ರ. ಭೂಮಿ ಯಾರಿಗೆ ಸೇರಿದ್ದು ಅಂತ ಮುಂದೆ ಜಗಳ ಆದ್ರೆ ತೋರಿಸೋಕೆ ಕಲ್ಲು ಇದೆ. ಅದಕ್ಕೇ ಎಷ್ಟೋ ದಾನಶಾಸನಗಳ ಕೊನೆಗೆ ಶಾಪ ಇರುತ್ತೆ: ಇದನ್ನ ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಬರಲಿ ಅಂತ. ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲದ ಕಾಲದಲ್ಲಿ ದಸ್ತಾವೇಜನ್ನ ಕಾಯೋಕೆ ಪಾಪದ ಭಯ.

ಮೂರನೇ ಕಲ್ಲು: ಮಗಳು

ಬೇಗೂರಿನಲ್ಲಿ ಇನ್ನೊಂದು ಚಿಕ್ಕ ಬರಹ ಇದೆ. ಇದರಲ್ಲಿ ಯುದ್ಧ ಇಲ್ಲ. ನಾಗತ್ತರನ ಮಗಳು ತೊಂಡಬ್ಬೆ ಸನ್ಯಸನ ಮಾಡಿ ತೀರಿಕೊಂಡಳು ಅಂತ ಅದು ಹೇಳುತ್ತೆ. ಸನ್ಯಸನ ಅಂದ್ರೆ ಇಲ್ಲಿ ಜೈನರ ವ್ರತ. ಊಟ, ನೀರು ಹಂತ ಹಂತವಾಗಿ ಬಿಟ್ಟು, ಮನಸ್ಸು ಗಟ್ಟಿ ಮಾಡಿಕೊಂಡು ಸಾವನ್ನ ಎದುರುಗೊಳ್ಳೋದು. ಸಲ್ಲೇಖನ ಅಂತ ನೀವು ಕೇಳಿರಬಹುದು. ಹಾಗೆ ತೀರಿಕೊಂಡವರಿಗೆ ನಿಲ್ಲಿಸೋ ಕಲ್ಲಿಗೆ ನಿಸಿಧಿಗಲ್ಲು ಅಂತ ಹೆಸರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಇಂಥ ಬರಹ ಬೇಕಾದಷ್ಟು ಸಿಗುತ್ತವೆ.

ಈಗ ಮೂರೂ ಕಲ್ಲನ್ನ ಪಕ್ಕ ಪಕ್ಕ ಇಟ್ಟು ನೋಡಿ. ಮನೆಯ ಯಜಮಾನ, ಒಬ್ಬ ಮಗ, ಒಬ್ಬ ಮಗಳು, ಒಬ್ಬ ಮನೆಯಾಳು. 1,100 ವರ್ಷದ ಹಿಂದಿನ ಒಂದು ಚಿಕ್ಕ ಊರಿನ ಒಂದು ಮನೆತನದ ಇಷ್ಟು ಜನರ ಹೆಸರು ನಮಗೆ ಗೊತ್ತು. ಗಂಡಸರು ರಣರಂಗದಲ್ಲಿ ಹೋದರು, ಹೆಣ್ಣುಮಗಳು ಉಪವಾಸದಲ್ಲಿ ಹೋದಳು. ಅದೇ ಊರಲ್ಲಿ ಶಿವನ ಗುಡಿಯೂ ಇತ್ತು, ಜೈನ ವ್ರತವೂ ನಡೀತಿತ್ತು.

ಸಾವಿಗೆ ಎಷ್ಟು ಮಾತು

ಇಲ್ಲಿ ಭಾಷೆಯ ಒಂದು ವಿಷಯ ಹೇಳಲೇಬೇಕು. ಬೇಗೂರಿನ ಯುದ್ಧದ ಕಲ್ಲುಗಳು "ಸತ್ತಂ" ಅಂತ ನೇರವಾಗಿ ಹೇಳುತ್ತವೆ. ಸತ್ತ, ಅಷ್ಟೇ. ತೊಂಡಬ್ಬೆಗೆ ಆ ಪದ ಬಳಸಿಲ್ಲ. ಅವಳಿಗೆ "ಮುಡಿಪಿದಳ್". ಮುಡಿಪು ಅನ್ನೋ ಪದ ನಮಗೆ ಈಗಲೂ ಗೊತ್ತು: ದೇವರಿಗೆ ಅಂತ ತೆಗೆದಿಟ್ಟದ್ದು, ಅರ್ಪಿಸಿದ್ದು. ಹಳಗನ್ನಡದಲ್ಲಿ ಆ ಪದಕ್ಕೆ ಮುಗಿಸು, ತೀರಿಹೋಗು ಅನ್ನೋ ಅರ್ಥ ಇತ್ತು.

ಇದೇ ಬೆಂಗಳೂರಿನ ಇನ್ನೊಂದು ದಿಕ್ಕಿಗೆ, ಹೆಬ್ಬಾಳಕ್ಕೆ ಹೋದ್ರೆ ಮೂರನೇ ಮಾತು ಸಿಗುತ್ತೆ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದ್ದು, ಗಂಗ ರಾಜ ಶ್ರೀಪುರುಷನ ಕಾಲದ್ದು. ಬೇಗೂರಿನ ಕಲ್ಲುಗಳಿಗಿಂತ ನೂರು ವರ್ಷಕ್ಕೂ ಹಳೆಯದು. ಬೆಂಗಳೂರಲ್ಲಿ ಸಿಕ್ಕಿರೋ ಅತಿ ಹಳೆಯ ಕನ್ನಡ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ಹೆಬ್ಬಾಳದ ಹೆಸರು ಪೆರ್ಬೊಳಲ್. ಪಾಲು ಹಾಲಾದಂಗೆ, ಪೂವು ಹೂವಾದಂಗೆ, ಪೆರ್ಬೊಳಲ್ ಹೆಬ್ಬಾಳ ಆಯ್ತು. ಅಲ್ಲಿಯ ಕಿತ್ತಯ ಅನ್ನೋವನು ರಟ್ಟವಾಡಿಯವರ, ಅಂದ್ರೆ ರಾಷ್ಟ್ರಕೂಟರ ಸೈನ್ಯದ ವಿರುದ್ಧ ಹೋರಾಡಿ ಪ್ರಾಣ ಬಿಟ್ಟ. ಆ ಕಲ್ಲು ಅವನು ಸತ್ತ ಅಂತ ಹೇಳಲ್ಲ, ಇಂದ್ರಭವನಕ್ಕೆ ಹೋದ ಅಂತ ಹೇಳುತ್ತೆ.

ನಾವೂ ಹೀಗೇ ಅಲ್ವಾ? ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಶಿವೈಕ್ಯರಾದರು. ಯಾರು ಹೋದರು, ಹೇಗೆ ಹೋದರು, ಹೇಳ್ತಿರೋದು ಯಾರು, ಅದನ್ನ ನೋಡಿ ಮಾತು ಬದಲಾಗುತ್ತೆ. ಊರಿನ ಸರ್ಕಲ್‌ನಲ್ಲಿ ಕಟ್ಟೋ ಶ್ರದ್ಧಾಂಜಲಿ ಫ್ಲೆಕ್ಸ್ ನೆನಪಿಸಿಕೊಳ್ಳಿ. ಮೇಲೆ ಫೋಟೋ, ಕೆಳಗೆ ಹೆಸರು, ಜನನ, ಮರಣ, ಅದರ ಕೆಳಗೆ ದುಃಖತಪ್ತ ಕುಟುಂಬ ವರ್ಗ, ಬಂಧು ಮಿತ್ರರು, ಗ್ರಾಮಸ್ಥರು. ವೀರಗಲ್ಲಲ್ಲೂ ಫೋಟೋದ ಜಾಗದಲ್ಲಿ ವೀರನ ಕೆತ್ತನೆ, ಅವನನ್ನ ಸ್ವರ್ಗಕ್ಕೆ ಕರೆದೊಯ್ಯೋ ಅಪ್ಸರೆಯರು, ಪಕ್ಕದಲ್ಲಿ ಹೆಸರು, ಮನೆ, ಊರು. ಅಚ್ಚು ಅದೇ. ವ್ಯತ್ಯಾಸ ಏನಂದ್ರೆ ಫ್ಲೆಕ್ಸ್ ಹದಿನೈದು ದಿನಕ್ಕೆ ಹರಿದು ಯಾರದೋ ದನದ ಕೊಟ್ಟಿಗೆಗೆ ಮರೆಯಾಗುತ್ತೆ.

ಯಾರ ಹೆಸರು ಇಲ್ಲ

ಇಷ್ಟು ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ನಾಗತ್ತರನ ಜೊತೆ ಆ ಯುದ್ಧದಲ್ಲಿ ಇನ್ನೆಷ್ಟು ಜನ ಬಿದ್ದರೋ, ದೊಡ್ಡ ಕಲ್ಲಿನ ಮೇಲೆ ಅವರೆಲ್ಲ ಬರೀ ಆಕೃತಿಗಳು. ಕೆತ್ತನೆಯಲ್ಲಿದ್ದಾರೆ, ಬರಹದಲ್ಲಿ ಇಲ್ಲ. ನಾಗತ್ತರನ ಹೆಂಡತಿ, ತಾಯಿ ಯಾರು? ಈ ಮೂರು ಕಲ್ಲುಗಳಲ್ಲಿ ಅವರ ಸುದ್ದಿಯೇ ಇಲ್ಲ. ಮಗಳ ಹೆಸರು ಉಳಿದದ್ದು ಅವಳು ಒಂದು ಕಠಿಣ ವ್ರತ ಮಾಡಿ ಸತ್ತಿದ್ದರಿಂದ. ಸುಮ್ಮನೆ ಬಾಳಿ, ಮಕ್ಕಳನ್ನ ಸಾಕಿ, ವಯಸ್ಸಾಗಿ ಹೋದವರಿಗೆ ಕಲ್ಲಿಲ್ಲ.

ಹಳ್ಳಿಗಳ ಕಡೆ ಮಾಸ್ತಿಕಲ್ಲು ನೋಡಿರ್ತೀರಿ. ಗಂಡನ ಜೊತೆ ಬೆಂಕಿಗೆ ಬಿದ್ದ ಹೆಣ್ಣಿನ ಕಲ್ಲು. ಎಷ್ಟೋ ಕಡೆ ಅದರಲ್ಲಿ ಇರೋದು ಬಳೆ ತೊಟ್ಟ ಒಂದು ಎತ್ತಿದ ಕೈ. ಹೆಸರೂ ಇಲ್ಲ, ಮುಖವೂ ಇಲ್ಲ. ಒಬ್ಬ ಮನುಷ್ಯಳಿಂದ ಊರು ನೆನಪಿಟ್ಟುಕೊಂಡದ್ದು ಒಂದು ತೋಳು.

ಹಾಗಂತ ಎಲ್ಲ ಕಡೆ ಹೀಗೇ ಇಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ದೇಕಬ್ಬೆ ಅನ್ನೋ ಹೆಣ್ಣಿನದ್ದು. ಗಂಡ ಏಚ ರಾಜಾಜ್ಞೆಯಿಂದ ತಲಕಾಡಿನಲ್ಲಿ ಪ್ರಾಣ ಕಳೆದುಕೊಂಡ. ಸುದ್ದಿ ಕೇಳಿ ಅವಳು ಬೆಂಕಿಗೆ ಹೋಗಲು ಹೊರಟಳು. ಹೆತ್ತವರು ಬೇಡ ಅಂತ ತಡೆದರು, ಅವಳು ಕೇಳಲಿಲ್ಲ. ಆ ಶಾಸನದಲ್ಲಿ ಅವಳ ಹೆಸರಿದೆ, ಅವಳ ಮಾತಿದೆ, ತಡೆಯೋಕೆ ನೋಡಿದವರ ಸಂಕಟ ಇದೆ. ಕಲ್ಲು ನಿಲ್ಲಿಸಿದವನು ಅವಳ ತಂದೆ. ಆ ಪದ್ಧತಿ ಕ್ರೂರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಗಳನ್ನ ಉಳಿಸಿಕೊಳ್ಳೋಕೆ ಆಗದ ಅಪ್ಪ ಅವಳ ಹೆಸರನ್ನಾದ್ರೂ ಉಳಿಸಿದ. ಹೆಸರಿಲ್ಲದ ಆ ಬಳೆ ಕೈಗಳ ಹಿಂದೆಯೂ ಒಬ್ಬೊಬ್ಬ ದೇಕಬ್ಬೆ ಇದ್ದಳು. ಅವರ ಕಥೆ ಬರೆಸೋಕೆ ಯಾರೂ ಇರಲಿಲ್ಲ, ಅಥವಾ ಇದ್ದವರ ಕೈಯಲ್ಲಿ ಕಾಸಿರಲಿಲ್ಲ.

ಕಲ್ಲು ಕೆತ್ತಿಸೋಕೆ ದುಡ್ಡು ಬೇಕು. ಬರೆಯೋಕೆ ಬಲ್ಲವನು ಬೇಕು. ಬರೆಸಬೇಕು ಅನ್ನೋ ಮನಸ್ಸೂ ಬೇಕು. ಮೂರೂ ಕೂಡಿ ಬಂದವರು ಬಹಳ ಕಡಿಮೆ. ಉಳಿದವರಿಗೆ ಇದ್ದದ್ದು ಮನೆಯ ಅಜ್ಜಿಯ ನೆನಪು ಮಾತ್ರ. ಆ ಅಜ್ಜಿ ಹೋದ ದಿನ ಅವರೂ ಇನ್ನೊಂದು ಸಲ ಹೋದರು.

ಕಲ್ಲು ಇದ್ದರೆ ಸಾಲದು

ಕಲ್ಲು ಶಾಶ್ವತ ಅಂತ ಅಂದ್ಕೋಬೇಡಿ. ಯಾವಾಗ ಆ ಭೂಮಿ ಕೈ ಬದಲಾಯಿತೋ, ಯಾವಾಗ ಆ ಲಿಪಿ ಓದೋರು ಇಲ್ಲವಾದರೋ, ಆವಾಗ ದಸ್ತಾವೇಜು ಬರೀ ಕಲ್ಲಾಯ್ತು. ಕೆಲವನ್ನ ಜನ ದೇವರು ಮಾಡಿಕೊಂಡರು. ಬೆಂಗಳೂರು, ಕೋಲಾರದ ಕಡೆ ವೀರಗಾರ ಅಂತ ಪೂಜೆ ಮಾಡ್ತಾರಲ್ಲ, ಹಾಗೆ. ಹೆಸರು ಮರೆತರೂ ಎಣ್ಣೆ, ಅರಿಸಿನ ನಿಲ್ಲಲಿಲ್ಲ. ಇನ್ನು ಕೆಲವು ಬಟ್ಟೆ ಒಗೆಯೋ ಕಲ್ಲಾದವು, ಮೋರಿಯ ಚಪ್ಪಡಿಯಾದವು.

ಮತ್ತೆ ಓದಿಸಿದ್ದು ಶಾಸನ ಇಲಾಖೆಯವರು. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರಿನ ಶಾಸನಗಳ ಪಡಿಯಚ್ಚು ತೆಗೆಸಿ "ಎಪಿಗ್ರಾಫಿಯಾ ಕರ್ನಾಟಿಕಾ" ಅನ್ನೋ ಸಂಪುಟಗಳನ್ನ ತಂದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಅವರ ನಂತರ ಆರ್. ನರಸಿಂಹಾಚಾರ್ಯರು ಆ ಕೆಲಸ ಮುಂದುವರಿಸಿದರು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನ ಯೋಜನೆಯವರು ಇಂಥ ಕಲ್ಲುಗಳನ್ನ ಹುಡುಕಿ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಕಂಪ್ಯೂಟರ್ ಪರದೆಯ ಮೇಲೆ ಎದ್ದು ಬರುತ್ತೆ. ಹೆಬ್ಬಾಳದಲ್ಲಿ ಜನ ಸೇರಿ ಕಿತ್ತಯನ ಕಲ್ಲಿಗೆ ಮಂಟಪ ಕಟ್ಟಿದ್ದಾರೆ. ಅವನು ಯಾರ ಅಜ್ಜನೂ ಅಲ್ಲ, ಅಥವಾ ಎಲ್ಲರ ಅಜ್ಜನೂ ಹೌದು.

ರೈಸ್ ಅವರ ಸಂಪುಟ ತೆಗೆದು, ಅದರಲ್ಲಿ ಪಟ್ಟಿ ಮಾಡಿರೋ ಎಲ್ಲ ಕಲ್ಲೂ ಇವತ್ತು ಅಲ್ಲೇ ಇದೆಯಾ ಅಂತ ಹುಡುಕಿಕೊಂಡು ಹೋದವರಿಗೆ ಎಷ್ಟೋ ಕಡೆ ಸಿಕ್ಕಿದ್ದು ಲೇಔಟು. ನೂರಾರು ವರ್ಷ ಮಳೆ ಬಿಸಿಲು ತಡೆದುಕೊಂಡದ್ದು ಒಂದು ಜೆಸಿಬಿಗೆ ಅರ್ಧ ಗಂಟೆಯ ಕೆಲಸ. ಕಲ್ಲು ಹೋದರೂ ಪುಸ್ತಕದಲ್ಲಿ ಬರಹ ಉಳಿದಿದ್ದರೆ ಅದು ನಮ್ಮ ಪುಣ್ಯ.

ಕೊನೆಗೆ ಒಂದು ಹೋಮ್‌ವರ್ಕ್

ಬೇಗೂರಿನಿಂದ ನನಗೆ ಅರ್ಥ ಆದದ್ದು ಇಷ್ಟು. ಒಂದು ಊರು ತನ್ನ ಸತ್ತವರನ್ನ ನೆನಪಿಡೋಕೆ ದೊಡ್ಡ ಕಾವ್ಯ ಬೇಕಿಲ್ಲ. ಹೆಸರು, ಯಾರ ಮನೆ, ಯಾವ ಊರು, ಹೇಗೆ ಹೋದರು. ನಾಲ್ಕು ಸಂಗತಿ ಯಾರೋ ಒಬ್ಬರು ಬರೆದಿಟ್ಟರೆ ಸಾಕು. 1,100 ವರ್ಷ ಆದ ಮೇಲೆ ಅದು ಇಡೀ ಒಂದು ನಗರದ ಜನ್ಮಪತ್ರಿಕೆ ಆಗಬಹುದು. ಬುಟ್ಟಣಸೆಟ್ಟಿಯ ಮನೆಯವರು ಬೆಂಗಳೂರಿನ ಇತಿಹಾಸ ಬರೀತಿದ್ದೀವಿ ಅಂತ ಕೂತಿರಲಿಲ್ಲ. ಅವರಿಗೆ ತಮ್ಮ ಹುಡುಗ ಎಲ್ಲಿ ಬಿದ್ದ ಅನ್ನೋದು ಮರೆತು ಹೋಗಬಾರದಿತ್ತು.

ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡ್ತೀರಾ? ಯಾರ ಹೆಸರಲ್ಲಿ? ಅಜ್ಜ ಗೊತ್ತು. ಮುತ್ತಜ್ಜ? ಅವರ ಹೆಂಡತಿ? ನಾನು ಪ್ರಯತ್ನ ಮಾಡಿದೆ. ಗಂಡಸರ ಸಾಲಿನಲ್ಲಿ ಮೂರು ತಲೆಮಾರು ಹಿಂದೆ ಹೋದೆ, ಹೆಂಗಸರ ಸಾಲಿನಲ್ಲಿ ಎರಡಕ್ಕೆ ನಿಂತೆ. ಆಮೇಲೆ ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ಒಂದೇ ಉಸಿರಿಗೆ ಏಳು ಹೆಂಗಸರ ಹೆಸರು, ಅವರ ತವರೂರು, ಯಾರು ಬಾಣಂತನದಲ್ಲಿ ಹೋದರು, ಯಾರು ಪ್ಲೇಗಿನಲ್ಲಿ ಹೋದರು, ಎಲ್ಲ ಹೇಳಿದರು. ಅದು ಯಾವ ಕಲ್ಲಿನಲ್ಲೂ ಇಲ್ಲ. ಈಗ ನನ್ನ ಫೋನಿನಲ್ಲಿ ಇದೆ.

ನಿಮ್ಮ ಹತ್ತಿರವೂ ಫೋನ್ ಇದೆ. ಮನೆಯ ಹಿರಿಯರ ಮುಂದೆ ರೆಕಾರ್ಡ್ ಒತ್ತಿ ಕೂತ್ಕೊಳ್ಳಿ. ಹೆಸರು ಕೇಳಿ, ಊರು ಕೇಳಿ, ಅವರಿಗೆ ಏನು ಅಡುಗೆ ಇಷ್ಟ ಇತ್ತು ಅಂತಲೂ ಕೇಳಿ. ಆಮೇಲೆ ಅದನ್ನ ಬರೆದಿಡಿ, ಯಾಕಂದ್ರೆ ಫೋನು ಕಲ್ಲಿಗಿಂತ ಬೇಗ ಕೆಡುತ್ತೆ. ನಿಮ್ಮೂರಲ್ಲಿ ಅಕ್ಷರ ಇರೋ ಕಲ್ಲು ಕಂಡರೆ ಬಣ್ಣ ಬಳೀಬೇಡಿ, ಉಜ್ಜಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಒಂದು ಫೋಟೋ ತೆಗೆದು, ಜಾಗ ಗುರುತು ಹಾಕಿ, ಓದಬಲ್ಲವರಿಗೆ ಕಳಿಸಿ.

ಹಾಗೇ ಬೇಗೂರಿನ ಕಡೆ ಹೋದ್ರೆ ನಾಗೇಶ್ವರ ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ ಬನ್ನಿ. ಗರ್ಭಗುಡಿಗೆ ಕೈ ಮುಗಿದ ಮೇಲೆ ಹೊರಗಿರೋ ಕಲ್ಲುಗಳ ಮುಂದೆಯೂ ಎರಡು ನಿಮಿಷ ನಿಲ್ಲಿ. ಪೆರ್ವೊಣಸೆಟ್ಟಿ, ಬುಟ್ಟಣಸೆಟ್ಟಿ, ತೊಂಡಬ್ಬೆ. ಹೆಸರನ್ನ ಒಮ್ಮೆ ಬಾಯಿ ಬಿಟ್ಟು ಹೇಳಿ.